ಲೋಡ್ ಟ್ರೇಲರ್ ಎಳೆಯುವ ಎಸ್‌ಯುವಿ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಟ್ರೇಲರ್ ಕಟ್ಟಿದ ಗಾಡಿ ತೊಂದರೆ ಕೊಟ್ಟರೆ ಹೆಚ್ಚಿನವರು ನೇರ ಗ್ಯಾರೇಜಿಗೆ ಹೋಗುತ್ತಾರೆ. ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ವೀಲ್ ಅಲೈನ್‌ಮೆಂಟ್ ಆಗುತ್ತದೆ, ದುಡ್ಡು ಹೋಗುತ್ತದೆ. ಮುಂದಿನ ಲೋಡಿಗೆ ಅದೇ ತೊಂದರೆ ಮತ್ತೆ ಬರುತ್ತದೆ. ಎಷ್ಟೋ ಸಲ ದೋಷ ಗಾಡಿಯಲ್ಲಿ ಇರುವುದೇ ಇಲ್ಲ, ಸರಕು ಜೋಡಿಸಿದ ರೀತಿಯಲ್ಲಿ ಇರುತ್ತದೆ. ಅದಕ್ಕೇ ಮೊದಲು ಲೋಡು ನೋಡಿ, ಆಮೇಲೆ ಟಯರಿನ ಗಾಳಿ ನೋಡಿ, ಅದಾದ ಮೇಲೆ ಪಾನಾ ಕೈಗೆ ತೆಗೆದುಕೊಳ್ಳಿ.

ಕೋಲಾರದಿಂದ ಟೊಮೆಟೊ ಬಾಕ್ಸು, ಚಿಕ್ಕಬಳ್ಳಾಪುರದಿಂದ ನರ್ಸರಿ ಸಸಿ, ತುಮಕೂರಿನಿಂದ ಜನರೇಟರ್ ಅಥವಾ ಪವರ್ ಟಿಲ್ಲರ್, ಏನೇ ಹೊತ್ತರೂ ಲಕ್ಷಣಗಳು ಒಂದೇ. ಹೊರಡುವ ಮೊದಲು ಗಾಳಿ ಅಳೆಯುವ ಗೇಜು, ಅಳತೆ ಟೇಪು, ಟಾರ್ಚು, ವೀಲ್ ಸ್ಪ್ಯಾನರ್, ಟ್ರೇಲರ್‌ಗೆ ಹೊಂದುವ ಜಾಕಿ ಮತ್ತು ಟ್ರೇಲರ್‌ದೇ ಸ್ಟೆಪ್ನಿ ಇಟ್ಟುಕೊಳ್ಳಿ. ಎಸ್‌ಯುವಿಯ ಸ್ಟೆಪ್ನಿ ಟ್ರೇಲರ್‌ಗೆ ಸಾಮಾನ್ಯವಾಗಿ ಕೂರುವುದಿಲ್ಲ. ಗಾಡಿಯ ಮಾಲೀಕರ ಕೈಪಿಡಿ ತೆಗೆದು ಎಷ್ಟು ತೂಕ ಎಳೆಯಬಹುದು ಎಂದು ಓದಿ. ಬ್ರೇಕ್ ಇರುವ ಟ್ರೇಲರ್‌ಗೆ ಒಂದು ಮಿತಿ, ಬ್ರೇಕ್ ಇಲ್ಲದ ಟ್ರೇಲರ್‌ಗೆ ಅದಕ್ಕಿಂತ ಬಹಳ ಕಡಿಮೆ ಮಿತಿ ಇರುತ್ತದೆ. ಎಳೆಯಬಾರದು ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು. ಇಂಜಿನ್‌ಗೆ ಶಕ್ತಿ ಇದೆ ಅಂದಮಾತ್ರಕ್ಕೆ ಚಾಸಿಗೂ ಬ್ರೇಕಿಗೂ ಆ ಶಕ್ತಿ ಇದೆ ಅಂತಲ್ಲ.

ರಸ್ತೆಯಲ್ಲಿ ನಿಲ್ಲಿಸಿ ನೋಡುವುದಾದರೆ ಪೂರ್ತಿ ಎಡಕ್ಕೆ ತೆಗೆದುಕೊಳ್ಳಿ. ಹಜಾರ್ಡ್ ಲೈಟು ಹಾಕಿ, ಹಿಂದೆ ದೂರದಲ್ಲಿ ತ್ರಿಕೋನ ಇಡಿ, ಟ್ರೇಲರ್ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಎತ್ತಿ ರಸ್ತೆಯಿಂದ ಆಚೆ ಹಾಕಿ. ಕತ್ತಲಲ್ಲಿ ಬೈಕಿನವರ ಪ್ರಾಣ ತೆಗೆಯುವುದು ಇಂಥ ಬಿಟ್ಟು ಹೋದ ಕಲ್ಲುಗಳೇ.

ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡುತ್ತದೆ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಸಾಮಾನ್ಯವಾಗಿ ವೇಗ ಏರಿದಾಗ, ಇಳಿಜಾರಿನಲ್ಲಿ, ಅಥವಾ ಪಕ್ಕದಲ್ಲಿ ಬಸ್ಸು ಲಾರಿ ಜೋರಾಗಿ ದಾಟಿದಾಗ ಶುರುವಾಗುತ್ತದೆ. ಸಿರಾ ಬಿಟ್ಟು ಹಿರಿಯೂರು, ಚಿತ್ರದುರ್ಗದ ಕಡೆ ಹೋಗುವಾಗ ಬಯಲಿನಲ್ಲಿ ಅಡ್ಡಗಾಳಿ ಸಿಗುತ್ತದೆ. ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ.

ತೂಗಾಟ ಶುರುವಾದ ಕ್ಷಣ ಸ್ಟೀರಿಂಗ್ ನೇರವಾಗಿ ಗಟ್ಟಿಯಾಗಿ ಹಿಡಿಯಿರಿ. ಆಕ್ಸಿಲರೇಟರ್ ಮೇಲಿನ ಕಾಲನ್ನು ಮೆಲ್ಲಗೆ ತೆಗೆಯಿರಿ. ಗಾಡಿಯ ಬ್ರೇಕನ್ನು ಜೋರಾಗಿ ಒತ್ತಬೇಡಿ, ಹಿಂದಿನಿಂದ ಟ್ರೇಲರ್ ತಳ್ಳಿ ಗಾಡಿಯನ್ನೇ ಅಡ್ಡ ತಿರುಗಿಸುತ್ತದೆ. ಸ್ಟೀರಿಂಗ್ ಆಕಡೆ ಈಕಡೆ ತಿರುಗಿಸಿ ಸರಿ ಮಾಡಲೂ ಹೋಗಬೇಡಿ. ವೇಗ ಹೆಚ್ಚಿಸಿದರೆ ನೇರ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ, ದಯವಿಟ್ಟು ನಂಬಬೇಡಿ. ಟ್ರೇಲರ್‌ಗೆ ಕೈಯಿಂದ ಹಾಕುವ ಪ್ರತ್ಯೇಕ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ಮಾತ್ರ ಸ್ವಲ್ಪ ಹಾಕಬಹುದು. ತೂಗಾಟ ನಿಂತ ಮೇಲೆ ಗಾಡಿಯನ್ನು ಬದಿಗೆ ತನ್ನಿ. ಕಾರಣ ಹುಡುಕದೆ ಮುಂದೆ ಹೋಗಬೇಡಿ.

ಮೊದಲು ಲೋಡು. ಭಾರ ಹಿಂದಕ್ಕೆ ಬಿದ್ದರೆ ಟ್ರೇಲರ್ ತೂಗಾಡುತ್ತದೆ. ಒಟ್ಟು ಸರಕಿನ ಸುಮಾರು 60 ಭಾಗ ಆಕ್ಸಲ್‌ನ (ಟ್ರೇಲರ್ ಚಕ್ರಗಳನ್ನು ಸೇರಿಸುವ ಅಚ್ಚಿನ) ಮುಂದೆ, 40 ಭಾಗ ಹಿಂದೆ ಇರಬೇಕು. ಬಾಗಿಲ ಹತ್ತಿರ ಜನರೇಟರ್ ಇಟ್ಟು, ಮುಂದೆ ಹಗುರ ಸಾಮಾನು ತುಂಬಿದ್ದರೆ ನಿಮ್ಮ ದೋಷ ಅಲ್ಲೇ ಸಿಕ್ಕಿತು. ಭಾರದ್ದು ಕೆಳಗೆ, ಆಕ್ಸಲ್‌ಗೆ ಸ್ವಲ್ಪ ಮುಂದೆ ಬರಲಿ. ಹಗುರದ್ದು ಮೇಲೆ ಮತ್ತು ಹಿಂದೆ. ಟೊಮೆಟೊ ಬಾಕ್ಸಾದರೆ ಎತ್ತರಕ್ಕೆ ಪೇರಿಸುವ ಬದಲು ಉದ್ದಕ್ಕೆ ಹರಡಿ. ಒಂದು ಬಾಕ್ಸಿಗೆ 15 ಕೆಜಿ ಹಿಡಿದರೂ 100 ಬಾಕ್ಸಿಗೆ 1,500 ಕೆಜಿ ಆಯಿತು, ಟ್ರೇಲರ್‌ನ ಸ್ವಂತ ತೂಕ ಬೇರೆ.

ನೀರು ಅಥವಾ ಔಷಧಿ ಟ್ಯಾಂಕ್ ಹೊತ್ತಿದ್ದರೆ ಇನ್ನೊಂದು ವಿಷಯ ಇದೆ. ಅರ್ಧ ತುಂಬಿದ ಟ್ಯಾಂಕ್ ಪೂರ್ತಿ ತುಂಬಿದ್ದಕ್ಕಿಂತ ಜಾಸ್ತಿ ಕಾಟ ಕೊಡುತ್ತದೆ. 500 ಲೀಟರ್ ನೀರು ಅಂದರೆ 500 ಕೆಜಿ ಭಾರ, ಅದು ತಿರುವಿನಲ್ಲಿ ಒಂದು ಪಕ್ಕಕ್ಕೆ, ಬ್ರೇಕಿಗೆ ಮುಂದಕ್ಕೆ, ಏರಿಗೆ ಹಿಂದಕ್ಕೆ ಓಡುತ್ತಲೇ ಇರುತ್ತದೆ. ನಿಂತಾಗ ತೂಕ ಸರಿಯಾಗಿಯೇ ಇರುತ್ತದೆ, ಓಡುವಾಗ ಮಾತ್ರ ತಪ್ಪುತ್ತದೆ. ಹಾಗಾಗಿ ನಿಲ್ಲಿಸಿ ನೋಡಿದರೆ ಏನೂ ಸಿಗುವುದಿಲ್ಲ. ದೂರದ ದಾರಿಗೆ ಟ್ಯಾಂಕ್ ಖಾಲಿ ಮಾಡಿ ಹೊರಡುವುದೇ ಒಳ್ಳೆಯದು. ಆಗದಿದ್ದರೆ ಪೂರ್ತಿ ತುಂಬಿಸಿ, ತೂಕ ಮಿತಿಯೊಳಗಿದೆಯೇ ನೋಡಿಕೊಳ್ಳಿ.

ಅಂದಾಜು ಸಾಲದು ಅನ್ನಿಸಿದರೆ ವೇಬ್ರಿಡ್ಜ್‌ಗೆ ಹೋಗಿ. ಎಪಿಎಂಸಿ ಮಾರುಕಟ್ಟೆಗಳ ಸುತ್ತ, ಗ್ರಾನೈಟ್ ಕೆಲಸ ನಡೆಯುವ ಕಡೆ ಸಿಗುತ್ತದೆ. ಖರ್ಚು ಕಡಿಮೆ, ಸಿಗುವ ಉತ್ತರ ಪಕ್ಕಾ. ಮೂರು ಸಲ ತೂಗಿಸಿ. ಮೊದಲು ಎಸ್‌ಯುವಿ ಒಂದನ್ನೇ. ಆಮೇಲೆ ಟ್ರೇಲರ್ ಕಟ್ಟಿ, ಟ್ರೇಲರ್ ಚಕ್ರ ವೇಬ್ರಿಡ್ಜ್‌ನ ಹೊರಗೆ ಇರುವ ಹಾಗೆ ನಿಲ್ಲಿಸಿ. ಕೊನೆಗೆ ಎರಡೂ ಒಟ್ಟಿಗೆ. ಒಂದು ಉದಾಹರಣೆ ನೋಡಿ: ಗಾಡಿ ಒಂದೇ 2,300 ಕೆಜಿ. ಟ್ರೇಲರ್ ಚಕ್ರ ಹೊರಗಿದ್ದಾಗ 2,480. ಎರಡೂ ಸೇರಿ 3,800. ಅಂದರೆ ಟ್ರೇಲರ್ 1,500 ಕೆಜಿ, ಅದರಲ್ಲಿ ಹಿಚ್ (ಗಾಡಿಯ ಹಿಂದೆ ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಬಿದ್ದ ಭಾರ 180 ಕೆಜಿ, ಶೇಕಡಾ 12. ಸಾಮಾನ್ಯವಾಗಿ ಶೇಕಡಾ 10ರಿಂದ 15 ಇದ್ದರೆ ಟ್ರೇಲರ್ ನೇರವಾಗಿ ಬರುತ್ತದೆ. ಆದರೆ ಹಿಚ್ ಮೇಲೆ ಅಚ್ಚೊತ್ತಿರುವ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ಕೊನೆ ಮಾತು. ಆಗ ಲೋಡನ್ನೇ ಇಳಿಸಬೇಕು. ಮೂರು ಸಲವೂ ಗಾಡಿಯಲ್ಲಿ ಅಷ್ಟೇ ಜನ ಇರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಲೋಡು ಸರಿ ಇದ್ದರೆ ಟಯರಿನ ಗಾಳಿ. ಬೆಳಗ್ಗೆ ಓಡಿಸುವ ಮೊದಲು, ಟಯರು ತಣ್ಣಗಿರುವಾಗ ಅಳೆಯಿರಿ. ಟ್ರೇಲರ್‌ದು, ಎಸ್‌ಯುವಿಯ ಹಿಂದಿನ ಎರಡು ಚಕ್ರದ್ದು, ಎರಡೂ ಮುಖ್ಯ. ಓಡಿ ಬಿಸಿಯಾದ ಟಯರಿನಲ್ಲಿ ಗಾಳಿ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ, ಮರುದಿನ ಅದೇ ತೂಗಾಟ.

ಮೂರನೆಯದು ಎತ್ತರ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ. ಟ್ರೇಲರ್ ನೆಲಕ್ಕೆ ಸಮವಾಗಿ ಇರಬೇಕು. ಮುಂಭಾಗ ಮೇಲೆದ್ದಿದ್ದರೆ ಹಿಚ್ ಬಾಲ್‌ನ (ಟ್ರೇಲರ್ ಕೂರುವ ಕಬ್ಬಿಣದ ಗುಂಡಿನ) ಎತ್ತರ ಜಾಸ್ತಿ ಆಗಿದೆ.

ಈ ಮೂರೂ ಸರಿ ಇದ್ದು ಇನ್ನೂ ತೂಗಾಡಿದರೆ ಟ್ರೇಲರ್‌ನ ಕೆಳಗೆ ನೋಡಬೇಕು: ಸಡಿಲವಾದ ಯು ಬೋಲ್ಟು, ಮುರಿದ ಕಮಾನು ಪಟ್ಟಿ, ಓರೆಯಾದ ಆಕ್ಸಲ್, ಆಟ ಬಂದ ಬೇರಿಂಗ್. ಪಟ್ಟಿ ಮುರಿದಿದ್ದರೆ, ಆಕ್ಸಲ್ ಜರುಗಿದ ಗುರುತು ಕಂಡರೆ ಅಲ್ಲಿಂದ ಎಳೆಯಬೇಡಿ. ಸರಕನ್ನು ಬೇರೆ ಗಾಡಿಗೆ ಹಾಕಿಸಿ.

ಗಾಡಿಯ ಹಿಂಭಾಗ ಕೂತಿದೆ, ಸ್ಟೀರಿಂಗ್ ಹಗುರ ಆಗಿದೆ

ರಾತ್ರಿ ಎದುರಿನವರು ಮತ್ತೆ ಮತ್ತೆ ಡಿಮ್ ಡಿಪ್ ಮಾಡಿ ತೋರಿಸಿದರೆ ನಿಮ್ಮ ಹೆಡ್‌ಲೈಟು ಮೇಲಕ್ಕೆ ಎದ್ದಿದೆ ಎಂದು ಅರ್ಥ. ಹಿಂದೆ ಭಾರ ಬಿದ್ದು ಮುಂದೆ ಎದ್ದಾಗ ಹೀಗಾಗುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ, ಬ್ರೇಕೂ ಕಡಿಮೆ.

ಟ್ರೇಲರ್ ಕಟ್ಟುವ ಮೊದಲು ನಾಲ್ಕೂ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿಗೆ ನೆಲದಿಂದ ಅಳತೆ ಹಿಡಿಯಿರಿ, ಕಟ್ಟಿದ ಮೇಲೆ ಮತ್ತೆ ಹಿಡಿಯಿರಿ. ಮುಂದೆ ಎದ್ದು ಹಿಂದೆ ಬಹಳ ಇಳಿದಿದ್ದರೆ ಹಿಚ್ ಮೇಲೆ ಭಾರ ಹೆಚ್ಚಾಗಿದೆ. ಸರಕನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಇಲ್ಲವೇ ಎಸ್‌ಯುವಿಯ ಡಿಕ್ಕಿಯಲ್ಲಿ ತುಂಬಿದ್ದನ್ನು ತೆಗೆಯಿರಿ. ಡಿಕ್ಕಿಯ ಭಾರವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಗಾಡಿ ಮೇಲೇಳುತ್ತದೆ, ಆದರೆ ಆಕ್ಸಲ್‌ನ ಮಿತಿ ಹೆಚ್ಚಾಗುವುದಿಲ್ಲ. ಅದು ದೋಷ ಮುಚ್ಚುವ ಕೆಲಸ.

ಹಿಚ್‌ನಲ್ಲಿ ಟಕ್ ಟಕ್ ಸದ್ದು

ಗೇರ್ ಬದಲಿಸುವಾಗ, ಹಂಪಿನ ಮೇಲೆ ಹಾಯುವಾಗ ಹಿಂದಿನಿಂದ ಬಡಿದ ಹಾಗೆ ಆಗುತ್ತದೆ ಅಲ್ವಾ? ಸ್ವಲ್ಪ ಸದ್ದು ಸಹಜ. ಜೋರಾದರೆ ಅಥವಾ ಹೊಸದಾಗಿ ಶುರುವಾದರೆ ನಿಲ್ಲಿಸಿ.

ಕಪ್ಲರ್, ಅಂದರೆ ಬಾಲ್ ಹಿಡಿಯುವ ಟ್ರೇಲರ್‌ನ ಮೂತಿ, ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಸುಲಭ ದಾರಿ ಇದೆ. ಲಾಕ್ ಹಾಕಿ, ಟ್ರೇಲರ್‌ನ ಮುಂದಿನ ಜಾಕಿಯಿಂದ ಮೇಲಕ್ಕೆ ಎತ್ತಿ. ಗಾಡಿಯ ಹಿಂಭಾಗವೂ ಜೊತೆಗೆ ಏಳಬೇಕು. ಕಪ್ಲರ್ ಒಂದೇ ಎದ್ದು ಬಂದರೆ ಅದು ಬಾಲ್ ಹಿಡಿದೇ ಇಲ್ಲ, ಮೇಲೆ ಸುಮ್ನೆ ಕೂತಿತ್ತು. ಪ್ರತಿ ಸಲ ಕಟ್ಟಿದಾಗಲೂ ಇದನ್ನು ಮಾಡಿ.

ಆಮೇಲೆ ಅಳತೆ. ಬಾಲ್ 50 ಮಿಲಿಮೀಟರ್‌ದು ಇರುತ್ತದೆ, 2 ಇಂಚಿನದೂ ಇರುತ್ತದೆ. 2 ಇಂಚು ಅಂದರೆ 50.8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ, ಆದರೆ ಒಂದರ ಕಪ್ಲರ್ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಲಾಕ್ ಪೂರ್ತಿ ಮುಚ್ಚದೆ ಉಳಿಯುತ್ತದೆ. ಬಾಲ್ ಮೇಲೆ, ಕಪ್ಲರ್ ಮೇಲೆ ಅಳತೆ ಒತ್ತಿರುತ್ತಾರೆ, ಟಾರ್ಚ್ ಬೆಳಕು ಬಿಟ್ಟು ಓದಿ. ಬಾಲ್‌ನ ಕೆಳಗಿನ ನಟ್ಟು, ಹಿಚ್ ಚಾಸಿಗೆ ಕೂತಿರುವ ಬೋಲ್ಟು ಬಿಗಿ ಇದೆಯೇ ನೋಡಿ. ವೆಲ್ಡಿಂಗ್ ಹತ್ತಿರ ಬಣ್ಣ ಬಿರುಕು ಬಿಟ್ಟು ತುಕ್ಕಿನ ಗೆರೆ ಕಂಡರೆ ಒಳಗೆ ಕಬ್ಬಿಣವೂ ಬಿರುಕು ಬಿಟ್ಟಿರಬಹುದು. ಅದರ ಮೇಲೇ ಮತ್ತೆ ವೆಲ್ಡಿಂಗ್ ಎಳೆಸಿ ದಾರಿ ಹಿಡಿಯಬೇಡಿ. ಹಿಚ್ ಬದಲಿಸಿ.

ಸೇಫ್ಟಿ ಚೈನು ಎರಡನ್ನೂ ಕಪ್ಲರ್‌ನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಚುಚ್ಚದೆ ಚೈನಿನ ಮೇಲೆ ನಿಲ್ಲುತ್ತದೆ.

ಸುಟ್ಟ ವಾಸನೆ, ಒಂದು ಚಕ್ರ ಮಾತ್ರ ಬಿಸಿ

ಟ್ರೇಲರ್ ಎಳೆದವರಿಗೆ ರಸ್ತೆಯಲ್ಲಿ ಕೈಕೊಡುವುದು ಹೆಚ್ಚಾಗಿ ಚಕ್ರದ ನಡುವಿನ ಹಬ್ ಬೇರಿಂಗೇ. ಇಂಜಿನ್‌ಗೆ ಮೀಟರ್ ಇದೆ, ಬೇರಿಂಗ್‌ಗೆ ಇಲ್ಲ. ಕೈಯೇ ಮೀಟರ್. ಹೊರಟು ಅರ್ಧ ಗಂಟೆಗೆ ಒಮ್ಮೆ, ಆಮೇಲೆ ಟೀಗೆ ನಿಲ್ಲಿಸಿದಾಗಲೆಲ್ಲ ಟ್ರೇಲರ್‌ನ ಪ್ರತಿ ಹಬ್‌ನ ಹತ್ತಿರ ಅಂಗೈಯ ಹಿಂಭಾಗ ತನ್ನಿ. ಮೊದಲೇ ಮುಟ್ಟಬೇಡಿ, ಚರ್ಮ ಸುಡಬಹುದು. ಶಾಖ ಕಡಿಮೆ ಅನ್ನಿಸಿದರೆ ಮುಟ್ಟಿ ನೋಡಿ. ಬೆಚ್ಚಗಿದ್ದು ಕೈ ಇಟ್ಟುಕೊಳ್ಳಲು ಆದರೆ ಸರಿ.

ಇಲ್ಲಿ ಮುಖ್ಯ ಎಡ ಬಲದ ವ್ಯತ್ಯಾಸ. ಎರಡೂ ಒಂದೇ ಸಮ ಬಿಸಿ ಇದ್ದರೆ ಇಳಿಜಾರಿನಲ್ಲಿ ಬ್ರೇಕ್ ಜಾಸ್ತಿ ಬಳಸಿದ್ದಿರಬಹುದು, ಅಥವಾ ಲೋಡು ಹೆಚ್ಚಾಗಿರಬಹುದು. ಒಂದು ತಣ್ಣಗಿದ್ದು ಇನ್ನೊಂದು ಮುಟ್ಟಲಾಗದಷ್ಟು ಬಿಸಿ ಇದ್ದರೆ ಆ ಚಕ್ರದಲ್ಲೇ ದೋಷ. ಒಂದೋ ಬ್ರೇಕ್ ಹಿಡಿದುಕೊಂಡಿದೆ, ಒಂದೋ ಬೇರಿಂಗ್ ಹೋಗುತ್ತಿದೆ.

ಯಾವುದು ಎಂದು ತಿಳಿಯಲು ಟ್ರೇಲರ್ ಗಾಡಿಗೆ ಕಟ್ಟಿರುವಾಗಲೇ, ಇನ್ನೊಂದು ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಈ ಚಕ್ರವನ್ನು ಜಾಕಿಯಲ್ಲಿ ಎತ್ತಿ ಕೈಯಿಂದ ತಿರುಗಿಸಿ. ಬಿಗಿಯಾಗಿ ಉಜ್ಜಿಕೊಂಡು ತಿರುಗಿದರೆ ಬ್ರೇಕ್ ಶೂ ಹಿಡಿದಿದೆ. ಸಡಿಲವಾಗಿ ತಿರುಗಿ ಒಳಗಿನಿಂದ ಗರಗರ ಸದ್ದು ಬಂದರೆ ಬೇರಿಂಗ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಟಕಟ ಆಟ ಸಿಕ್ಕರೂ ಬೇರಿಂಗೇ. ರಿಮ್‌ನ ಒಳಭಾಗಕ್ಕೆ ಗ್ರೀಸು ಚಿಮ್ಮಿದ್ದರೆ ಸೀಲು ಹರಿದಿದೆ, ಒಳಗೆ ಗ್ರೀಸು ಉಳಿದಿಲ್ಲ. ಎತ್ತಿದ ಟ್ರೇಲರ್‌ನ ಕೆಳಗೆ ತಲೆ ಹಾಕಬೇಡಿ.

ಗರಗರ ಸದ್ದು ಬಂದ ಬೇರಿಂಗಿನಲ್ಲಿ ಮುಂದಿನ ಊರಿನವರೆಗೆ ನಿಧಾನವಾಗಿ ಹೋಗೋಣ ಅನ್ನಬೇಡಿ. ಬೇರಿಂಗ್ ಸಿಕ್ಕಿಕೊಂಡರೆ ಚಕ್ರವೇ ಕಳಚಿ ಹೋಗುತ್ತದೆ, ಎದುರು ಬರುವವರಿಗೆ ಹೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ. ಬೆಂಕಿ, ಗಾಯ, ಅಪಘಾತವಾದರೆ 112. ದೂರದ ದಾರಿಗೆ ನಿಮ್ಮ ಅಳತೆಯ ಒಂದು ಜೊತೆ ಬೇರಿಂಗು, ಸೀಲು, ಗ್ರೀಸು ಡಬ್ಬಿ ಜೊತೆಯಲ್ಲಿದ್ದರೆ ಮೆಕ್ಯಾನಿಕ್ ಸಿಕ್ಕಿದ ಕಡೆ ಕೆಲಸ ಆಗುತ್ತದೆ. ಭಾನುವಾರ ಬಾಗೇಪಲ್ಲಿ ದಾಟಿದ ಮೇಲೆ ಆ ಅಳತೆ ಹುಡುಕುವುದು ಕಷ್ಟ. ಚಕ್ರ ಬಿಚ್ಚಿ ಹಾಕಿದ್ದರೆ 50 ಕಿಲೋಮೀಟರ್ ಆದ ಮೇಲೆ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿ.

ವಾಸನೆ ಬೇರೆ ಕಡೆಯಿಂದಲೂ ಬರಬಹುದು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಸ್ತೆ ಮೇಲೇ ಹುರುಳಿ, ರಾಗಿ ತೆನೆ ಹರಡಿರುತ್ತಾರೆ. ಒಣಗಿದ ಬಳ್ಳಿ ಗಾಡಿಯ ಕೆಳಗೆ ಸುತ್ತಿಕೊಂಡು ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತುತ್ತದೆ. ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆ ಫಿಲ್ಟರ್ ತಾನಾಗಿ ಮಸಿ ಸುಟ್ಟುಕೊಳ್ಳುವಾಗ ಸೈಲೆನ್ಸರ್ ಇನ್ನೂ ಬಿಸಿ ಇರುತ್ತದೆ. ಅಂಥ ಕಣದ ಮೇಲೆ ಹಾಯಬೇಕಾಗಿ ಬಂದರೆ, ದಾಟಿ ಮುಂದೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಟ್ರೇಲರ್ ಆಕ್ಸಲ್‌ಗೂ ಬಳ್ಳಿ ಸುತ್ತಿರುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ಏರಿನಲ್ಲಿ ಹೊರಡುವಾಗ ಮಾತ್ರ ವಾಸನೆ ಬಂದರೆ ಅದು ಕ್ಲಚ್ಚು. ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುವುದನ್ನು ಬಿಡಿ, ಹ್ಯಾಂಡ್ ಬ್ರೇಕ್ ಬಳಸಿ.

ಏರಿನಲ್ಲಿ ಬಿಸಿಯ ಮುಳ್ಳು ಮೇಲೇಳುತ್ತದೆ

ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದಿಂದ ಅನಂತಪುರದ ಕಡೆ ಹೋದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಖಾಲಿ ಗಾಡಿಗೆ ಸಾಕಾಗುವ ರೇಡಿಯೇಟರ್ ಲೋಡಿಗೆ ಸಾಲದೆ ಹೋಗುವುದು ಅಲ್ಲೇ.

ಮುಳ್ಳು ಏರಲು ಶುರುವಾದರೆ ಎಸಿ ಆರಿಸಿ, ವೇಗ ಇಳಿಸಿ, ಒಂದು ಗೇರ್ ಕೆಳಗೆ ಹಾಕಿ. ಹೀಟರ್ ಪೂರ್ತಿ ಬಿಟ್ಟರೆ ಇಂಜಿನ್‌ನ ಶಾಖ ಸ್ವಲ್ಪ ಹೊರಬರುತ್ತದೆ, ಒಳಗಿರುವವರಿಗೆ ಸೆಕೆಯಾದರೂ ತಡೆದುಕೊಳ್ಳಿ. ಕೆಂಪು ಮುಟ್ಟಿದರೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ.

ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ರೇಡಿಯೇಟರ್ ಮುಂದೆ ಧೂಳು, ಹೊಟ್ಟು, ಹುಳು ಕಟ್ಟಿದ್ದರೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಫ್ಯಾನ್ ತಿರುಗುತ್ತಿದೆಯೇ, ಹೋಸ್ ಒದ್ದೆ ಇದೆಯೇ ನೋಡಿ. ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದು ಹೊರಗೆ ಸೋರಿಕೆ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ, ಅದು ಗ್ಯಾರೇಜಿನ ಕೆಲಸ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸ್ ಎಣ್ಣೆಯೂ ಬಿಸಿಯಾಗುತ್ತದೆ. ಇಂಜಿನ್ ಜೋರಾಗಿ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಗೇರ್ ಜಾರುತ್ತಿದೆ. ಅಲ್ಲಿಗೇ ನಿಲ್ಲಿಸಿ, ಎಳೆದಷ್ಟೂ ಖರ್ಚು ಬೆಳೆಯುತ್ತದೆ. ಟೋ ಮೋಡ್ (ಟ್ರೇಲರ್ ಎಳೆಯುವಾಗ ಹಾಕುವ ಸೆಟ್ಟಿಂಗ್) ಇದ್ದರೆ ಹೊರಡುವಾಗಲೇ ಹಾಕಿಕೊಳ್ಳಿ.

ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಒಳಗೆ ಹೋಗುತ್ತದೆ

ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನಿಂದ ಚಿತ್ತೂರಿನ ಕಡೆ ಇಳಿಯುವಾಗ ಮೊಗಿಲಿ ಘಾಟಿ ಸಿಗುತ್ತದೆ. ಇಂಥ ಕಡೆ ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ಇಳಿದರೆ ಬ್ರೇಕ್ ಬಿಸಿಯಾಗಿ ಹಿಡಿತ ಹೋಗುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡು ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಗುಳ್ಳೆ ಬಂದಿರಬಹುದು. ಎರಡನೆಯದು ಹೆಚ್ಚು ಅಪಾಯ.

ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ, ಇಂಜಿನ್ನೇ ಹಿಡಿದುಕೊಳ್ಳಲಿ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ. ಪೆಡಲ್ ಮೆತ್ತಗಾದರೆ ಪಂಪ್ ಮಾಡುತ್ತಾ, ಗೇರ್ ಇಳಿಸುತ್ತಾ, ಮೊದಲು ಸಿಗುವ ಅಗಲ ಜಾಗದಲ್ಲಿ ನಿಲ್ಲಿಸಿ. ಬಿಸಿ ಡಿಸ್ಕಿಗೆ, ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ತಾನಾಗಿ ಆರಲಿ. ಒಮ್ಮೆ ಕುದ್ದ ಬ್ರೇಕ್ ಆಯಿಲ್ ಆರಿದ ಮೇಲೆ ಪೆಡಲ್ ಸರಿ ಅನ್ನಿಸುತ್ತದೆ, ಅದನ್ನು ನಂಬಿ ಮತ್ತೆ ಘಾಟಿ ಇಳಿಯಬೇಡಿ. ಆಯಿಲ್ ಬದಲಿಸಿ ಗಾಳಿ ತೆಗೆಸಿ.

ಟ್ರೇಲರ್‌ಗೆ ಬ್ರೇಕ್ ಇದ್ದೂ ಅದು ಹಿಂದಿನಿಂದ ತಳ್ಳುತ್ತಿದ್ದರೆ ಟ್ರೇಲರ್‌ನ ಬ್ರೇಕ್ ಕೆಲಸ ಮಾಡುತ್ತಿಲ್ಲ. ಕೇಬಲ್ ಸಡಿಲವಾಗಿದೆಯೇ, ಎಲೆಕ್ಟ್ರಿಕ್ ಆದರೆ ಪ್ಲಗ್ ಕಳಚಿದೆಯೇ ನೋಡಿ.

ಟ್ರೇಲರ್ ಲೈಟು ಹುಚ್ಚುಚ್ಚಾಗಿ ಉರಿಯುತ್ತದೆ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಎಡ ಹಾಕಿದರೆ ಎರಡೂ ಮಂಕಾಗಿ ಉರಿಯುತ್ತವೆ. ಹೀಗಾದರೆ ಬಹುತೇಕ ಅರ್ಥಿಂಗ್ ದೋಷ. ಅರ್ಥ್ ವೈರು ಚಾಸಿಗೆ ಕೂತ ಜಾಗದ ಬಣ್ಣ, ತುಕ್ಕು ಉಜ್ಜಿ ತೆಗೆದು ಬಿಗಿ ಮಾಡಿ. ಪ್ಲಗ್ಗಿನ ಪಿನ್ನುಗಳನ್ನೂ ಉಜ್ಜಿ. ಇಂಡಿಕೇಟರ್ ವೇಗವಾಗಿ ಬಡಿದುಕೊಂಡರೆ ಬಲ್ಬ್ ಹೋಗಿದೆ. ಫ್ಯೂಸ್ ಹೋದರೆ ಅದೇ ಆಂಪಿಯರ್‌ದು ಹಾಕಿ. ತಂತಿ, ಬೆಳ್ಳಿ ಕಾಗದ ಸುತ್ತಿದರೆ ವೈರಿಂಗ್ ಸುಡುತ್ತದೆ. ಹೊಸ ಗಾಡಿಗಳಲ್ಲಿ ವೈರು ಕತ್ತರಿಸಿ ಟ್ರೇಲರ್ ಲೈಟಿಗೆ ಸೇರಿಸಬೇಡಿ, ರಿಲೇ ಇರುವ ಪ್ರತ್ಯೇಕ ವೈರಿಂಗ್ ಹಾಕಿಸಿ. ನಂಬರ್ ಪ್ಲೇಟೂ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್‌ಗೆ ಅದರದೇ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರೂ ಟ್ರೇಲರ್ ಮೇಲೆ ಕಾಣಬೇಕು.

ಬರುವಾಗ ಖಾಲಿ ಟ್ರೇಲರ್ ಕುಣಿಯುತ್ತದೆ

ಇದು ಹೆಚ್ಚಾಗಿ ದೋಷವೇ ಅಲ್ಲ. ಲೋಡಿಗೆ ತುಂಬಿದ ಗಾಳಿ ಖಾಲಿ ಟ್ರೇಲರ್‌ಗೆ ಜಾಸ್ತಿ, ಕಮಾನು ಪಟ್ಟಿಯೂ ಭಾರವಿಲ್ಲದೆ ಬಾಗುವುದಿಲ್ಲ. ಗಾಡಿ ಹಗುರ ಎಂದು ವೇಗ ಹೆಚ್ಚಿಸಬೇಡಿ. ಖಾಲಿ ಕ್ರೇಟುಗಳನ್ನು ಹಾರದ ಹಾಗೆ ಮುಂಭಾಗಕ್ಕೆ ಬಿಗಿಯಾಗಿ ಕಟ್ಟಿ. ಟಯರು ಪೂರ್ತಿ ತಣ್ಣಗಾದ ಮೇಲೆ ತಯಾರಕರು ಖಾಲಿಗೆ ಹೇಳಿರುವಷ್ಟಕ್ಕೆ ಗಾಳಿ ಇಳಿಸಿ. ಮುಂದಿನ ಲೋಡು ಏರಿಸುವ ಮೊದಲು ಪಂಕ್ಚರ್ ಅಂಗಡಿಯಲ್ಲಿ ಮತ್ತೆ ತುಂಬಿಸಿ, ಸ್ಟೆಪ್ನಿಗೂ ಹಾಕಿಸಿ.